ಮಾರುತಕ್ಕೆ ಬಣ್ಣ ಹೊಡೆದವರಿಗೆ, ಬಾಳ್ಳುಪೇಟೆಯಿಂದ

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನಗಳಿಗೆ ಬಣ್ಣ ಹೊಡೆದು, ನಂಬರ್ ಬರೆದು, ರಿವೆಟ್ ಬಡಿದು ನಿವೃತ್ತರಾದ ಹಿರಿಯರಿಗೆ, ಮತ್ತು ವಾಯುಪಡೆಯ ಸ್ಕ್ವಾಡ್ರನ್‌ಗಳಲ್ಲಿ ವಿಮಾನ ತೊಳೆದು, ಒರೆಸಿ, ಸಜ್ಜು ಮಾಡಿ ಕಳಿಸಿ ಈಗ ಊರು ಸೇರಿರುವವರಿಗೆ, ನಮಸ್ಕಾರ.

ನಾನು ಬಾಳ್ಳುಪೇಟೆಯ ಒಬ್ಬ ಪೇಂಟರ್. ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಪಿಕಪ್ಪು, ಜೀಪು, ಕಾಫಿ ಮೂಟೆ ಹೊರುವ ಲಾರಿಗಳಿಗೆ ಬಣ್ಣ ಹೊಡೆಯುವುದು ನನ್ನ ಹೊಟ್ಟೆಪಾಡು. ಲಾರಿಯ ಹಿಂದೆ ರಾಕ್ಷಸನ ಮುಖ ಬರೆಯುತ್ತೇನೆ, ಬಾಗಿಲ ಮೇಲೆ ಮಾಲೀಕರ ಮಕ್ಕಳ ಹೆಸರು ಬರೆಯುತ್ತೇನೆ. ಆರಿದ್ರೆ ಹಿಡಿಯಿತೆಂದರೆ ನಮ್ಮ ಕಡೆ ಕೆಲಸ ನಿಂತ ಹಾಗೆ. ಪೇಂಟ್ ಒಣಗುವುದಿಲ್ಲ. ಹಟ ಹಿಡಿದು ಹೊಡೆದರೆ ಗಾಳಿಯ ತೇವ ಕುಡಿದು ಬಿಳಿಚಿಕೊಳ್ಳುತ್ತದೆ, ಬಾನೆಟ್ಟಿನ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಕಾಣುತ್ತದೆ. ಹಾಗಾಗಿ ಆಶ್ಲೇಷ ಮಳೆ ಕಳೆಯುವವರೆಗೆ ಗಿರಾಕಿಗಳನ್ನು ವಾಪಸು ಕಳಿಸಿ, ಬಿಡುವಿನಲ್ಲಿ ಕಂಪ್ಯೂಟರಿನೊಳಗಿನ ಯುದ್ಧವಿಮಾನಗಳಿಗೆ ಬಣ್ಣ ಹಚ್ಚುತ್ತೇನೆ. ನಗು ಬಂದರೆ ನಕ್ಕುಬಿಡಿ, ನನ್ನ ಹೆಂಡತಿಯೂ ನಗುತ್ತಾಳೆ. ನಕ್ಕ ಮೇಲೆ ಮುಂದೆ ಓದಿ, ಯಾಕೆಂದರೆ ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ಫ್ಲೈಟ್ ಸಿಮ್ಯುಲೇಟರ್ ಎಂದರೆ ಮಕ್ಕಳು ಮೊಬೈಲಿನಲ್ಲಿ ಆಡುವ ಗುಂಡಿನಾಟ ಎಂದು ತಿಳಿದವರೇ ಹೆಚ್ಚು. ಹಾಗಲ್ಲ. ಅದರಲ್ಲಿ ಎಂಜಿನ್ ಚಾಲೂ ಮಾಡುವುದಕ್ಕೇ ಒಂದರ ಹಿಂದೊಂದು ಸ್ವಿಚ್ಚು ಹಾಕಬೇಕು, ಗಾಳಿಯ ದಿಕ್ಕು ನೋಡಬೇಕು, ವೇಗ ಕಡಿಮೆಯಾದರೆ ವಿಮಾನ ನಿಜವಾಗಿಯೂ ಕುಸಿಯುತ್ತದೆ. 2001ರಲ್ಲಿ ಬಂದ ಐಎಲ್-2 ಸ್ಟರ್ಮೊವಿಕ್‌ನಿಂದ ಹಿಡಿದು ಈಗಿನ ಡಿಸಿಎಸ್‌ವರೆಗೆ ಈ ಎಲ್ಲದರಲ್ಲೂ ವಿಮಾನದ ಮೈಬಣ್ಣವನ್ನು ನಾವೇ ಬರೆದು ತೊಡಿಸಬಹುದು. ಅದಕ್ಕೆ ಸ್ಕಿನ್ ಎನ್ನುತ್ತಾರೆ. ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿ ಹರಡಿಟ್ಟಿರುತ್ತಾರಲ್ಲ, ತೋಳು ಒಂದು ಕಡೆ, ಬೆನ್ನು ಒಂದು ಕಡೆ, ಕಾಲರ್ ಇನ್ನೊಂದು ಕಡೆ. ವಿಮಾನದ ಮೈಯನ್ನೂ ಹಾಗೆಯೇ ಬಿಚ್ಚಿ ಒಂದು ಚೌಕದಲ್ಲಿ ಹರಡಿರುತ್ತಾರೆ. ಅದರ ಮೇಲೆ ನಾವು ಬಣ್ಣ ಬರೆದರೆ ಕಂಪ್ಯೂಟರ್ ಹೊಲಿದು ತೊಡಿಸುತ್ತದೆ. ಚೌಕಳಿ ಅಂಗಿಯ ಜೇಬಿನಲ್ಲಿ ಗೆರೆ ತಪ್ಪಿದರೆ ಹೇಗೆ ಎದ್ದು ಕಾಣುತ್ತದೋ, ಇಲ್ಲೂ ರೆಕ್ಕೆಯ ಪಟ್ಟೆ ಮೈಯ ಪಟ್ಟೆಗೆ ಕೂಡದಿದ್ದರೆ ಹಾಗೇ ಕಾಣುತ್ತದೆ.

ಚೌಕದ ಒಂದು ಬದಿಗೆ 4096 ಚುಕ್ಕೆ. ನೀವು ಬೆಂಗಳೂರಿನಲ್ಲಿ ಕಟ್ಟಿದ ಮಾರುತ ಯುದ್ಧವಿಮಾನದ ಉದ್ದ 15.87 ಮೀಟರ್. ಮೂಗಿನಿಂದ ಬಾಲದವರೆಗೆ ಆ ಚುಕ್ಕೆಗಳನ್ನು ಹಂಚಿದರೆ ಒಂದೊಂದು ಚುಕ್ಕೆಯ ಪಾಲಿಗೆ ಹತ್ತಿರ ಹತ್ತಿರ 4 ಮಿಲಿಮೀಟರ್ ಬರುತ್ತದೆ, ಒಂದು ಕಾಳುಮೆಣಸಿನಷ್ಟು. ನೀವು ಬಡಿದ ರಿವೆಟ್ಟಿನ ತಲೆ ನನಗೆ ಒಂದೋ ಎರಡೋ ಚುಕ್ಕೆ. ಅವನ್ನು ಒಂದೊಂದಾಗಿ ಇಡುತ್ತಾ ಕೂತರೆ ಒಂದು ರೆಕ್ಕೆಗೆ ಒಂದು ವಾರ ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಇನ್ನೊಂದು ದಿನ.

ಈ ಹವ್ಯಾಸದವರು ಜಗತ್ತಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಅವರೆಲ್ಲ ಮುಗಿಬೀಳುವುದು ಜರ್ಮನ್ ವಿಮಾನಗಳ ಮೇಲೆ, ಬ್ರಿಟಿಷ್ ಸ್ಪಿಟ್‌ಫೈರ್‌ಗಳ ಮೇಲೆ. ಅವರಿಗೆ ಸುಲಭ. ಜರ್ಮನ್ ವಿಮಾನದ ಹಸಿರು ಯಾವುದು ಎಂದರೆ ಆರ್‌ಎಲ್‌ಎಂ 70, 71 ಎಂದು ನಂಬರ್ ಹೇಳುತ್ತಾರೆ. ಬ್ರಿಟಿಷರ ಬಿಎಸ್ 381ಸಿ ಪಟ್ಟಿಯಲ್ಲಿ 641 ಎಂದರೆ ಡಾರ್ಕ್ ಗ್ರೀನ್, 638 ಎಂದರೆ ಡಾರ್ಕ್ ಸೀ ಗ್ರೇ. ನಂಬರ್ ಹೇಳಿ ಅಂಗಡಿಯಲ್ಲಿ ಡಬ್ಬ ಕೊಂಡಷ್ಟೇ ಸಲೀಸು.

ನನಗೆ ಹೊಟ್ಟೆಯುರಿ ಹುಟ್ಟಿಸಿದ ಸಂಗತಿ ಇದು. ಜರ್ಮನಿಯ ಪ್ರಸಿದ್ಧ ಫೊಕೆ-ವುಲ್ಫ್ 190 ವಿಮಾನವನ್ನು ರೂಪಿಸಿದ ಎಂಜಿನಿಯರ್ ಕುರ್ಟ್ ಟ್ಯಾಂಕ್. ಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅವರು ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದು, ವಿ.ಎಂ. ಘಾಟಗೆ ಮೊದಲಾದ ನಮ್ಮ ಎಂಜಿನಿಯರುಗಳ ಜೊತೆ ಕೂತು ಎಚ್‌ಎಫ್-24 ಮಾರುತವನ್ನು ರೂಪಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದರು. ಒಬ್ಬನೇ ಮನುಷ್ಯನ ಎರಡು ಮಕ್ಕಳು. ಜರ್ಮನಿಯಲ್ಲಿ ಹುಟ್ಟಿದ ಮಗುವಿನ ಮೈಬಣ್ಣದ ಮೇಲೆ ಕಪಾಟು ತುಂಬುವಷ್ಟು ಪುಸ್ತಕ ಬಂದಿದೆ, ಚಕ್ರದ ಗೂಡಿನೊಳಗಿನ ಬಣ್ಣದ ಮೇಲೂ ಜಗಳವಾಡಿ ಇತ್ಯರ್ಥ ಮಾಡಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿದ ಮಗುವಿನ ಬಗ್ಗೆ ಕೇಳಿದರೆ ಹಸಿರು, ಕಂದು ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಯಾವ ಹಸಿರು ಸ್ವಾಮಿ? ನಮ್ಮ ತೋಟದಲ್ಲೇ ಚಿಗುರು, ಬಲಿತ ಎಲೆ, ಮೆಣಸಿನ ಬಳ್ಳಿ, ಕಲ್ಲಿನ ಪಾಚಿ ಎಂದು ಹತ್ತು ಹಸಿರಿವೆ.

ನಾನು ಮೊದಲು ಮಾರುತವನ್ನು ಕಂಡದ್ದು ಶಾಲೆಯ ಪ್ರವಾಸದಲ್ಲಿ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿತ್ತು. ಸೊಂಟ ಹಿಡಿದು ಅಮುಕಿದ ಹಾಗೆ ನಡುವೆ ಸಣ್ಣಗೆ, ರೆಕ್ಕೆ ಹಿಂದಕ್ಕೆ ಮಡಿಚಿಕೊಂಡು, ನೋಡಿದರೆ ಈಗಲೇ ಜಿಗಿಯುತ್ತದೆ ಎನ್ನಿಸುವಂತೆ. ಮೇಷ್ಟ್ರು ಸಾಲು ಮುಂದೆ ನಡೆಸಿಬಿಟ್ಟರು. ದೊಡ್ಡವನಾಗಿ ಸ್ಕಿನ್ ಮಾಡುವ ಹುಚ್ಚು ಹತ್ತಿದ ಮೇಲೆ ಮತ್ತೆ ಹೋಗಿ ಸುತ್ತ ನಿಂತು ಫೋಟೊ ಹೊಡೆದೆ, ಎಚ್‌ಎಎಲ್‌ನವರು 2001ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೂ ಹೋಗಿ ಬಂದೆ. ಫೋಟೊದ ಹಸಿರಿನ ಮೇಲೆ ಮೌಸ್ ಒತ್ತಿ ಬಣ್ಣ ಎತ್ತಿಕೊಂಡು ಬಳಿದೆ. ಬಹಳ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಪೇಂಟರ್ ಆಗಿ ನಾನು ಮಾಡಬಾರದ ತಪ್ಪು ಅದು. ಬಯಲಲ್ಲಿ ನಿಂತ ಯಾವ ಲೋಹದ ವಸ್ತುವೂ ಮೊದಲ ಬಣ್ಣದಲ್ಲಿ ಉಳಿಯುವುದಿಲ್ಲ. ಮಳೆಗೆ ಸುಲಿದು, ಬಿಸಿಲಿಗೆ ಮಾಸಿ, ಯಾವುದೋ ಹಬ್ಬಕ್ಕೋ ಯಾರೋ ದೊಡ್ಡವರು ಬರುತ್ತಾರೆಂದೋ ಮತ್ತೆ ಬಳಿಸಿಕೊಂಡಿರುತ್ತದೆ. ಬಳಿದವನ ಕೈಗೆ ಅವತ್ತು ಯಾವ ಡಬ್ಬ ಸಿಕ್ಕಿತೋ ಅದೇ ಬಣ್ಣ. ನಮ್ಮೂರ ಸುತ್ತಲಿನ ಹಳೆಯ ಜೀಪುಗಳನ್ನು ಉಜ್ಜಿದರೆ ಒಂದರ ಕೆಳಗೊಂದು ನಾಲ್ಕು ಬಣ್ಣ ಸಿಗುತ್ತವೆ, ಕೊನೆಗೆ ರೆಡ್ ಆಕ್ಸೈಡ್. ಇದು ಗೊತ್ತಿದ್ದೂ ಮ್ಯೂಸಿಯಂ ಬಣ್ಣವನ್ನು ನಂಬಿದೆ.

ನನ್ನನ್ನು ಹಿಡಿದದ್ದು ನಿಮ್ಮವರೇ ಒಬ್ಬರು.

ಏಳೆಂಟು ವರ್ಷದ ಹಿಂದಿನ ಮಾತು, ಪುನರ್ವಸು ಮಳೆ. ಆಲೂರು ಕಡೆಯ ಹಳ್ಳಿಯಿಂದ ಒಬ್ಬ ಹಿರಿಯರು ಹಳೆಯ ಚೇತಕ್ ಸ್ಕೂಟರ್ ತಂದರು. ಮೊದಲಿದ್ದ ಬಣ್ಣವೇ ಆಗಬೇಕು ಎಂದರು. ಈಗ ಆಗಲ್ಲ ಯಜಮಾನ್ರೇ, ಮಳೆ ಬಿಡಲಿ ಎಂದೆ. ಅಷ್ಟರಲ್ಲಿ ಮಳೆ ಜಡಿಯಿತು, ಅವರು ಒಳಗೆ ಬಂದು ಥಿನ್ನರ್ ಡಬ್ಬದ ಮೇಲೆ ಕೂತರು. ಮೂಲೆಯ ಮೇಜಿನ ಮೇಲೆ ಕಂಪ್ಯೂಟರಿನಲ್ಲಿ ನನ್ನ ಮಾರುತ ನಿಧಾನಕ್ಕೆ ತಿರುಗುತ್ತಿತ್ತು. ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಇದ್ಯಾರಯ್ಯ ಬಣ್ಣ ಹೊಡ್ದಿದ್ದು?"

"ನಾನೇ."

"ಕಾರು ಮಾಡಿಟ್ಟಿದ್ದೀಯಲ್ಲೋ ಇದ್ನ! ಹೊಳೀತಾ ಇದೆ. ಹೊಳೆದ್ರೆ ಮೇಲಿಂದ ನೋಡೋನಿಗೆ ಕಾಣಲ್ವೇನಯ್ಯ?"

ಆಮೇಲೆ ಗೊತ್ತಾಯಿತು, ಅವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಡುಗನಾಗಿ ಸೇರಿ ಪೇಂಟ್ ಶಾಪಿನಲ್ಲಿ ತಲೆ ನೆರೆಸಿಕೊಂಡವರು ಎಂದು. ಹೊಳಪಿನ ವಿಷಯ ಹಾಗಿರಲಿ, ಈ ಹಸಿರೇ ನಮ್ಮದಲ್ಲ ಎಂದರು. ನಾನು ಗೋಡೆಗೆ ನೇತುಹಾಕಿದ್ದ ಶೇಡ್ ಕಾರ್ಡ್ ತಂದುಕೊಟ್ಟೆ. ಐಎಸ್ 5 ಎಂಬ ಭಾರತೀಯ ಮಾನಕದ ಪಟ್ಟಿ ಅದು, ಸಿಗ್ನಲ್ ರೆಡ್, ಆಲಿವ್ ಗ್ರೀನ್, ಲೈಟ್ ಗ್ರೇ ಎಂದೆಲ್ಲ ನಂಬರ್ ಸಮೇತ ಇರುತ್ತದಲ್ಲ, ಅದೇ. ಹೆಬ್ಬೆರಳನ್ನು ಚೌಕದಿಂದ ಚೌಕಕ್ಕೆ ಜಾರಿಸುತ್ತಾ ಹೋದರು. ಆಲಿವ್ ಗ್ರೀನ್ ಹತ್ತಿರ ಬೆರಳು ನಿಂತಿತು, ತಲೆ ಅಡ್ಡಡ್ಡ ಆಡಿತು. ಕಾರ್ಡ್ ಮಡಿಸಿಟ್ಟು, ಡಬ್ಬಗಳನ್ನು ತಾ ಎಂದರು.

ಒಂದು ಲೀಟರ್ ಡಬ್ಬದ ಮುಚ್ಚಳ ತೆಗೆದು ಬೋರಲು ಹಾಕಿ, ಅದರ ಮೇಲೆ ಹಸಿರು ಸುರಿದುಕೊಂಡರು. ಕಡ್ಡಿಯ ತುದಿಯಲ್ಲಿ ಕಪ್ಪು ಎತ್ತಿ ತೊಟ್ಟಿಕ್ಕಿದರು. ಹಳದಿ, ಮತ್ತೆ ಕಪ್ಪು, ಚಿಟಿಕೆಯಷ್ಟು ಬಿಳಿ. ಕಲಸುವಾಗ ಕೈ ಒಂದೇ ದಿಕ್ಕಿಗೆ ತಿರುಗುತ್ತಿತ್ತು, ಒಮ್ಮೆಯೂ ಹಿಂದಕ್ಕೆ ಬರಲಿಲ್ಲ. ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ಉಗುರಿನ ಮೇಲೆ ಬಳಿದು, ಬಾಗಿಲಿಗೆ ಹೋಗಿ ಮೋಡದ ಬೆಳಕಿಗೆ ಹಿಡಿದರು. ಬಂದು ಇನ್ನೊಂದು ತೊಟ್ಟು ಹಳದಿ ಹಾಕಿದರು. "ಈಗ ನೋಡ್ಬೇಡ. ಒಣಗ್ಲಿ. ಹಸಿ ಬಣ್ಣ ಸುಳ್ಳು ಹೇಳ್ತದೆ."

ಮಳೆ ನಿಂತಿತು, ಅವರು ಸ್ಕೂಟರ್ ಬಿಟ್ಟು ಬಸ್ಸು ಹತ್ತಿದರು. ಮುಚ್ಚಳ ಒಣಗಲು ಎರಡು ದಿನ ಹಿಡಿಯಿತು. ಒಣಗಿದ ಮೇಲೆ ಅದು ನಾನು ಊಹಿಸಿದ್ದಕ್ಕಿಂತ ಕಂದಿತ್ತು, ಮಂಕಾಗಿತ್ತು, ಬಲಿತ ಕಾಫಿ ಎಲೆಯ ಹಿಂಬದಿಗೆ ದೂಳು ಕೂತ ಹಾಗೆ. ಮೊಬೈಲಿನಲ್ಲಿ ಫೋಟೊ ತೆಗೆದೆ. ಬೆಳಿಗ್ಗೆ ತೆಗೆದದ್ದರಲ್ಲಿ ನೀಲಿ ಛಾಯೆ, ಸಂಜೆಯದರಲ್ಲಿ ಹಳದಿ. ಹೋಗಲಿ, ಮುಚ್ಚಳವೇ ಇದೆಯಲ್ಲ ಎಂದು ಮೊಳೆ ಹೊಡೆದು ಗೋಡೆಗೆ ತೂಗುಹಾಕಿದೆ.

ಮಳೆಗಾಲ ಕಳೆದ ಮೇಲೆ ಸ್ಕೂಟರ್ ಒಯ್ಯಲು ಅವರು ಬರಲಿಲ್ಲ, ಸಂಬಂಧಿಕರ ಹುಡುಗ ಬಂದ. ತಾತ ಮಗಳ ಮನೆಗೆ ಹೋದರು, ಇನ್ನು ಅಲ್ಲೇ ಎಂದ. ಯಾವ ವರ್ಷದ ವಿಮಾನಕ್ಕೆ ಆ ಹಸಿರು, ಎಷ್ಟು ಹಸಿರಿಗೆ ಎಷ್ಟು ಕಪ್ಪು, ಎಷ್ಟು ಕೋಟ್, ಒಂದನ್ನೂ ನಾನು ಕೇಳಿ ಬರೆದಿಟ್ಟುಕೊಂಡಿರಲಿಲ್ಲ. ಎದುರಿಗೇ ಕೂತಿದ್ದರು, ಎರಡು ಗಂಟೆ ಕೂತಿದ್ದರು, ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ಕಾಲ ಕಳೆದೆ. ಈಗ ಆ ಮುಚ್ಚಳವೂ ಮಾಸಿದೆ. ಅಂಚಿನಿಂದ ತುಕ್ಕು ಹತ್ತಿದೆ. ಅಳತೆಗೆ ಇಟ್ಟುಕೊಂಡ ಸೇರೇ ಸವೆದುಹೋದರೆ ರಾಗಿ ಅಳೆಯುವುದು ಯಾವುದರಲ್ಲಿ?

ಈ ಪತ್ರ ಬರೆಯಲು ಅದೇ ಕಾರಣ. ಬಣ್ಣದ ತುಂಡನ್ನು ಕೂಡಿಟ್ಟರೆ ಸಾಲದು, ಬಣ್ಣ ಕಲಸಿದವರ ಮಾತನ್ನು ಕೂಡಿಡಬೇಕು.

ಹಳೆಯ ಫೋಟೊ ನೋಡಿ ಮಾಡಬಾರದೇ ಎಂದು ನೀವು ಕೇಳಬಹುದು. ಆಗಿನವು ಬಹುಪಾಲು ಕಪ್ಪು-ಬಿಳುಪು. ಅದರಲ್ಲೂ ಮೋಸವಿದೆ. ಹಳೆಯ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ, ಹಾಗಾಗಿ ಕೆಂಪು, ಕೇಸರಿ ಎಲ್ಲ ಕಪ್ಪಾಗಿ ಬರುತ್ತವೆ, ನೀಲಿ ತೆಳ್ಳಗೆ ಬರುತ್ತದೆ. ಆಮೇಲಿನ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಅದೇ ಕೇಸರಿ ಬೂದು. ಕಲರ್ ಫೋಟೊ ಸಿಕ್ಕರೆ ಆಲ್ಬಮ್ಮಿನಲ್ಲಿ ಕೂತು ಕೂತು ಇಡೀ ಚಿತ್ರವೇ ಕೆಂಪಗಾಗಿರುತ್ತದೆ, ನಿಮ್ಮ ಮನೆಯ ಮದುವೆ ಫೋಟೊಗಳ ಹಾಗೆ.

ವಿಮಾನದ ಮೇಲಿನ ವೃತ್ತದ ಗುರುತನ್ನೇ ತೆಗೆದುಕೊಳ್ಳಿ. ಬರ್ಮಾ ಯುದ್ಧದ ಕಾಲದಲ್ಲಿ ಜಪಾನಿನ ಕೆಂಪು ಸೂರ್ಯ ಎಂದು ತಪ್ಪು ತಿಳಿದು ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಬಾರದೆಂದು ಬ್ರಿಟಿಷ್ ವೃತ್ತದ ನಡುವಿನ ಕೆಂಪನ್ನು ಅಳಿಸಿ ನೀಲಿ ಮಾಡಿದ್ದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸ್ವಲ್ಪ ಕಾಲ ಅಶೋಕ ಚಕ್ರ ಬಂತು. 1950ರಿಂದ ಈಗಿನದು: ನಡುವೆ ಕೇಸರಿ, ಸುತ್ತ ಬಿಳಿ, ಹೊರಗೆ ಹಸಿರು. ಇದನ್ನು ತಿರುಗುಮುರುಗಾಗಿ ಬರೆದ ಸ್ಕಿನ್‌ಗಳನ್ನು ನಾನು ಎಷ್ಟು ಕಂಡಿದ್ದೇನೋ ಲೆಕ್ಕವಿಲ್ಲ. ಬಾವುಟದಲ್ಲಿ ಕೇಸರಿ ಮೇಲಿದೆ, ಹಾಗಾಗಿ ವೃತ್ತದಲ್ಲಿ ಹೊರಗಿರಬೇಕು ಎಂದು ಹೊರದೇಶದ ಹುಡುಗರು ಲೆಕ್ಕ ಹಾಕುತ್ತಾರೆ. ತಿದ್ದಿ ಬರೆದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ತಕ್ಷಣ ಸರಿ ಮಾಡುತ್ತಾರೆ. ಅವರನ್ನು ಬಯ್ಯಲಾರೆ. ಹೇಳುವವರು ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು?

ವಾಯುಪಡೆಯಲ್ಲಿದ್ದವರಿಗೂ ಒಂದು ಮಾತು. 1971ರ ಡಿಸೆಂಬರ್ ಯುದ್ಧದ ಮಿಗ್-21ಗಳ ಬಣ್ಣದಷ್ಟು ಚೆಂದದ ಗೋಜಲು ಇನ್ನೊಂದಿಲ್ಲ. ಬಂದಾಗ ಬೋಳು ಲೋಹದ ಮೈ. ಯುದ್ಧ ಹತ್ತಿರ ಬಂತೆಂದು ಸ್ಕ್ವಾಡ್ರನ್‌ಗಳಲ್ಲೇ ಹಸಿರು, ಕಂದು ಹೊಡೆದರು. ಒಂದು ಸ್ಕ್ವಾಡ್ರನ್ನಿನದು ಇನ್ನೊಂದರ ಹಾಗಿಲ್ಲ, ಒಂದೇ ಸ್ಕ್ವಾಡ್ರನ್ನಿನಲ್ಲಿ ಒಂದು ವಿಮಾನ ಇನ್ನೊಂದರ ಹಾಗಿಲ್ಲ. ಅವಕ್ಕೆ ನಕ್ಷೆ ಹುಡುಕಿ ಪ್ರಯೋಜನವಿಲ್ಲ. ಅವತ್ತು ಬ್ರಷ್ಷೋ ಗನ್ನೋ ಹಿಡಿದಿದ್ದ ಕೈಯೇ ನಕ್ಷೆ. ಡಿಸಿಎಸ್‌ನಲ್ಲಿ ಮಿಗ್-21 ಇದೆ, ಅದು ಆಮೇಲಿನ ಬಿಸ್ ಮಾದರಿ, ಆದರೂ ಭಾರತದ ಬಣ್ಣ ತೊಡಿಸಿ ಹಾರಿಸುವವರಿಗೇನೂ ಕಡಿಮೆಯಿಲ್ಲ. ಆ ಪಟ್ಟೆಗಳನ್ನು ಎಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಕೈಬರಹವನ್ನು ಇವತ್ತು ಯುರೋಪಿನ ಹುಡುಗರು ಬೂತಗನ್ನಡಿ ಹಿಡಿದು ನಕಲು ಮಾಡುತ್ತಿದ್ದಾರೆ ಎಂಬುದು ನಿಮಗೆ ತಿಳಿದಿರಲಿ.

ಮಾರುತವೂ ಆ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ಹಾರಿತು. ಡಿಸೆಂಬರ್ 7ರಂದು 220ನೇ ಸ್ಕ್ವಾಡ್ರನ್ನಿನ ಕೆ.ಕೆ. ಬಕ್ಷಿ ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಹೊಡೆದುರುಳಿಸಿದರು. ತಕ್ಕ ಎಂಜಿನ್ ಕೊನೆಗೂ ಸಿಗದ ವಿಮಾನ ಅದು. ಬೇರೆ ಎಂಜಿನ್ ಸಿದ್ಧವಾಗದೆ ಆರ್ಫಿಯಸ್ 703ರಲ್ಲೇ ಏಗಿತು. ಶಕ್ತಿ ಹೆಚ್ಚಿಸುವ ಪ್ರಯೋಗದಲ್ಲೇ 1970ರ ಜನವರಿ 10ರಂದು ಸುರಂಜನ್ ದಾಸ್ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯ ಟ್ರಾಫಿಕ್ಕು ಎಲ್ಲರಿಗೂ ಗೊತ್ತು, ಮನುಷ್ಯ ಯಾರೆಂದು ಆಟೋದವರನ್ನು ಕೇಳಿ ನೋಡಿ. ಒಟ್ಟು 147 ಮಾರುತಗಳನ್ನು ನೀವು ಕಟ್ಟಿದಿರಿ, ಅದರಲ್ಲಿ 18 ಎರಡು ಸೀಟಿನವು. 1990ರ ಹೊತ್ತಿಗೆ ಎಲ್ಲವೂ ನೆಲ ಕಂಡವು. ಒಂದು ಜರ್ಮನಿಗೂ ಹೋಗಿ, ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್ ವಿಮಾನ ಸಂಗ್ರಹಾಲಯದಲ್ಲಿ ನಿಂತಿದೆ.

ಇನ್ನೊಂದು ಕಥೆ ನಮ್ಮ ಪಕ್ಕದ ಕೊಡಗಿನದು. ಅಜ್ಜಮಾಡ ಬೋಪಯ್ಯ ದೇವಯ್ಯನವರ ಬಗ್ಗೆ ಈಗ ಎಲ್ಲರೂ ಕೇಳಿದ್ದೀರಿ, 2025ರಲ್ಲಿ ಹಿಂದಿ ಸಿನಿಮಾವೂ ಬಂತು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೊರಟ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳಲ್ಲಿ ಅವರು ಬದಲಿಯಾಗಿ ಇದ್ದವರು, ಹೋಗಿ ಮರಳಲಿಲ್ಲ. ಶಬ್ದದ ಎರಡರಷ್ಟು ವೇಗದ ಸ್ಟಾರ್‌ಫೈಟರ್ ಒಂದನ್ನು ತಮ್ಮ ಹಳೆಯ ಮಿಸ್ಟೇರ್‌ನಲ್ಲಿ ಎದುರಿಸಿ ಉರುಳಿಸಿದ್ದರು ಎಂಬುದು ಹೊರಬಿದ್ದದ್ದು ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರ ಪುಸ್ತಕ 1979ರಲ್ಲಿ ಬಂದ ಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ನಂತರ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಸಿನಿಮಾ ಬಂದ ಮೇಲೆ ಹುಡುಗರು ನನ್ನನ್ನು ಕೇಳುತ್ತಾರೆ, ಅಣ್ಣಾ ದೇವಯ್ಯನವರ ವಿಮಾನ ಮಾಡಿಕೊಡಿ ಎಂದು. ನಾನು ಇನ್ನೂ ಮಾಡಿಲ್ಲ. ಅಂದಾಜಿನಲ್ಲಿ ಬಳಿದು ಆ ಹೆಸರು ಬರೆಯಲು ಕೈ ಬರುವುದಿಲ್ಲ. ಅಂಥ ಪರಾಕ್ರಮವೇ 14 ವರ್ಷ ಯಾರ ಗಮನಕ್ಕೂ ಬರದೆ ಉಳಿಯಿತು ಎಂದ ಮೇಲೆ, ಆ ವಿಮಾನದ ಬಾಲದ ಮೇಲಿನ ಅಂಕಿಯನ್ನು ಯಾವ ಬಣ್ಣದಲ್ಲಿ ಬರೆದಿದ್ದರು ಎಂಬುದನ್ನು ಯಾರು ಬರೆದಿಟ್ಟಿರುತ್ತಾರೆ? ಬರೆದವರೇ ಹೇಳಬೇಕು.

ನನ್ನ ಜೊತೆಯ ಸ್ಕಿನ್ ಮಾಡುವ ಹುಡುಗರ ಮೇಲೆ ನನಗೊಂದು ಸಿಟ್ಟಿದೆ, ಅದನ್ನೂ ನಿಮ್ಮ ಮುಂದೆಯೇ ಹೇಳಿಬಿಡುತ್ತೇನೆ. ಅವರು ವಿಮಾನವನ್ನು ಕೊಳಕು ಮಾಡುತ್ತಾರೆ. ಎಣ್ಣೆ ಸೋರಿದ ಹಾಗೆ, ಹೊಗೆ ಮೆತ್ತಿದ ಹಾಗೆ, ಬಣ್ಣ ಎದ್ದ ಹಾಗೆ ಬರೆದು ಇದೇ ನಿಜ ಎನ್ನುತ್ತಾರೆ. ನಮ್ಮ ಚೇತಕ್ ಹಿರಿಯರು ಅಂಥದ್ದೊಂದನ್ನು ನೋಡಿ, "ಇದ್ನ ಹೀಗೆ ಬಿಟ್ಟಿದ್ರೆ ನಮ್ಮ ಫೋರ್‌ಮನ್ ನಮ್ಮ ಚರ್ಮ ಸುಲೀತಿದ್ರು" ಎಂದರು. ಲಾರಿ ಡ್ರೈವರ್ ಕೂಡ ಬೆಳಗ್ಗೆ ಎದ್ದು ಗಾಜು ಒರೆಸಿ ಊದುಬತ್ತಿ ಹಚ್ಚುತ್ತಾನೆ. ನಿಮ್ಮಂಥವರು ದಿನಾ ಉಜ್ಜಿ ನಿಲ್ಲಿಸಿದ ವಿಮಾನಕ್ಕೆ ಕೆಸರು ಬಳಿಯುವುದು ನಿಮ್ಮ ಕೆಲಸಕ್ಕೆ ಮಾಡುವ ಅವಮಾನ ಎಂದೇ ನನ್ನ ಅಭಿಪ್ರಾಯ. ಬಣ್ಣ ಮಾಸುತ್ತದೆ, ನಿಜ. ಆದರೆ ಮಾಸುವುದಕ್ಕೂ ಊರಿನ ಗುಣವಿದೆ. ಮಲೆನಾಡಿನ ಜೀಪು ಪಾಚಿ ಹಿಡಿದು ಕಪ್ಪಾಗುತ್ತಾ ಹೋಗುತ್ತದೆ. ಅರಸೀಕೆರೆ ಕಡೆಯ ಬಯಲುಸೀಮೆಯ ಜೀಪು ಬಿಸಿಲಿಗೆ ಸುಣ್ಣದ ಪುಡಿಯ ಹಾಗೆ ಬಿಳಿಚುತ್ತದೆ, ಕೈ ಒರೆಸಿದರೆ ಬಣ್ಣ ಕೈಗೆ ಬರುತ್ತದೆ. ಹಾಗಾದರೆ ಜೋಧಪುರದ ಬಿಸಿಲಲ್ಲಿ ನಿಂತ ಮಾರುತ ಹೇಗೆ ಮಾಸಿತ್ತು? ರೆಕ್ಕೆಯ ಮೇಲ್ಬದಿ ಮೊದಲೋ, ಬೆನ್ನು ಮೊದಲೋ?

ಈಗ ಹೊರಬರುವ ವಿಮಾನಗಳ ಬಗ್ಗೆ ನನಗೆ ಇಷ್ಟು ಚಿಂತೆಯಿಲ್ಲ. ತೇಜಸ್ ನೋಡಿ, ಮೂಗಿನಿಂದ ಬಾಲದವರೆಗೆ ಬೂದು. ಲಕ್ಷಾಂತರ ಡಿಜಿಟಲ್ ಫೋಟೊ ಇವೆ, ಯಲಹಂಕದ ಏರೋ ಇಂಡಿಯಾದಲ್ಲಿ ಯಾರು ಬೇಕಾದರೂ ಹೋಗಿ ಹತ್ತಿರದಿಂದ ನೋಡಬಹುದು. ಕಳೆದುಹೋಗುತ್ತಿರುವುದು ನಿಮ್ಮ ಕಾಲದ್ದು. ಮಾರುತದ ತಯಾರಿಕೆ 1977ಕ್ಕೆ ಮುಗಿಯಿತು. ಆ ಕೊನೆಯ ವರ್ಷ ಇಪ್ಪತ್ತರ ಹುಡುಗರಾಗಿದ್ದವರಿಗೂ ಈಗ ಎಪ್ಪತ್ತರ ಹತ್ತಿರ.

ನಾನು ಕೇಳುವುದು ದೊಡ್ಡ ವಿಷಯವಲ್ಲ. ಪೇಂಟರ್ ಪೇಂಟರನ್ನು ಕೇಳುವಂಥದ್ದು. ಕಬ್ಬಿಣಕ್ಕೆ ನಾವು ರೆಡ್ ಆಕ್ಸೈಡ್ ಹೊಡೆಯುತ್ತೇವೆ, ಅಲ್ಯೂಮಿನಿಯಂಗೆ ಅದು ಹಿಡಿಯುವುದಿಲ್ಲ. ಜಿಂಕ್ ಕ್ರೋಮೇಟ್‌ನ ಹಳದಿ-ಹಸಿರು ಪ್ರೈಮರನ್ನು ನೀವು ಚಕ್ರದ ಗೂಡಿನೊಳಗೆ ಹಾಗೇ ಬಿಡುತ್ತಿದ್ದಿರೋ, ಮೇಲೆ ಬೇರೆ ಬಣ್ಣ ಕೊಡುತ್ತಿದ್ದಿರೋ? ಹಸಿರು ಮೊದಲೋ, ಕಂದು ಮೊದಲೋ? ಎರಡರ ಗಡಿಯನ್ನು ಮಾಸ್ಕಿಂಗ್ ಟೇಪ್ ಹಚ್ಚಿ ಚೂಪಾಗಿ ಕತ್ತರಿಸುತ್ತಿದ್ದಿರೋ, ಗನ್ ಆಡಿಸಿ ಮಸುಕು ಮಾಡುತ್ತಿದ್ದಿರೋ? ಮಸುಕಾದರೆ ಎಷ್ಟು ಬೆರಳಗಲ? ನಂಬರಿನ ಸ್ಟೆನ್ಸಿಲನ್ನು ತಗಡಿನಲ್ಲಿ ಕತ್ತರಿಸುತ್ತಿದ್ದಿರೋ ರಟ್ಟಿನಲ್ಲೋ, ಸ್ಟೆನ್ಸಿಲ್ಲಿನ ಸೇತುವೆ ಬಿಟ್ಟ ಜಾಗವನ್ನು ಆಮೇಲೆ ಬ್ರಷ್ಷಿನಲ್ಲಿ ತುಂಬುತ್ತಿದ್ದಿರೋ? ನಾಲ್ಕು 30 ಮಿಲಿಮೀಟರ್ ಫಿರಂಗಿಗಳ ಬಾಯಿಯ ಸುತ್ತ ಹೊಗೆ ಹತ್ತಿ ಕಪ್ಪಾಗುತ್ತಿತ್ತಲ್ಲ, ಅದನ್ನು ಏನು ಹಾಕಿ ಒರೆಸುತ್ತಿದ್ದಿರಿ? ವಿಮಾನ ರಿಪೇರಿಗೆ ಬಂದಾಗ ತೇಪೆ ಹಾಕಿದ ಬಣ್ಣ ಹಳೆಯದಕ್ಕೆ ಕೂಡುತ್ತಿತ್ತೇ? ನನ್ನ ಅನುಭವದಲ್ಲಿ ಎಂದೂ ಕೂಡುವುದಿಲ್ಲ. ಕೂಡದೆ ಇದ್ದರೆ ನನಗೆ ಬಹಳ ಸಂತೋಷ, ಹಾಗೇ ಬರೆಯುತ್ತೇನೆ.

ಇದೆಲ್ಲ ಹೇಳಬಹುದೋ ಹೇಳಬಾರದೋ ಎಂದು ನಿಮ್ಮಲ್ಲಿ ಕೆಲವರಿಗೆ ಅಳುಕು ಇರಬಹುದು, ಇಷ್ಟು ವರ್ಷ ಗೇಟಿನಲ್ಲಿ ಟಿಫನ್ ಡಬ್ಬಿ ತೋರಿಸಿ ಹೊರಬಂದವರು ನೀವು. ಹೇಳಬಾರದ್ದು ಇದ್ದರೆ ಹೇಳಬೇಡಿ. ನಾನು ಕೇಳುತ್ತಿರುವುದು ಮೂರೂವರೆ ದಶಕದ ಹಿಂದೆ ಸೇವೆ ಮುಗಿಸಿದ ವಿಮಾನದ ಮೈಬಣ್ಣವನ್ನು ಮಾತ್ರ. ಇದರಿಂದ ನನಗೊಂದು ಬಿಡಿಗಾಸಿನ ಲಾಭವೂ ಇಲ್ಲ, ಮಾಡಿದ ಸ್ಕಿನ್‌ಗಳನ್ನೆಲ್ಲ ಪುಕ್ಕಟೆ ಹಂಚುತ್ತೇನೆ. ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಯಾರು ಬೇಕಾದರೂ ವಿಮಾನ ಸೇರಿಸಬಹುದಾದ ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರಿಗಾಗಿ ಮಾರುತದ ಆಕಾರವನ್ನು ಹೊಸದಾಗಿ ಕಟ್ಟುತ್ತಿದ್ದಾನೆ. ಸಣ್ಣ ಸೊಂಟದ ಹತ್ತಿರ ಒದ್ದಾಡುತ್ತಿದ್ದಾನೆ. ಅವನ ಕೆಲಸ ಮುಗಿಯುವ ಹೊತ್ತಿಗೆ ನನ್ನ ಬಣ್ಣ ಸಿದ್ಧವಾಗಬೇಕು.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಟ್ರಂಕು ಇದ್ದರೆ ಒಮ್ಮೆ ಇಳಿಸಿ. ಹಿನ್ನೆಲೆಯಲ್ಲಿ ವಿಮಾನ ಇರುವ ಗ್ರೂಪ್ ಫೋಟೊ, ಬಣ್ಣ ಸಿಡಿದ ಹಳೆಯ ನಿಕ್ಕರು, ಡೈರಿಯ ಹಾಳೆ, ಯಾವುದಾದರೂ ಸರಿ. ಏನೂ ಸಿಗದಿದ್ದರೆ ಮೊಮ್ಮಗನನ್ನೋ ಮೊಮ್ಮಗಳನ್ನೋ ಕೂರಿಸಿಕೊಂಡು ಬಾಯಲ್ಲೇ ಹೇಳಿ, ಅವರು ಬರೆದುಕೊಳ್ಳಲಿ. ಮೊದಲು ವರ್ಷ ಹೇಳಿ, ಆಮೇಲೆ ಡಬ್ಬದ ಹೆಸರು, ಆಮೇಲೆ ಅಳತೆ. ನನಗೆ ಕಳಿಸಲೇಬೇಕು ಎಂದೇನೂ ಇಲ್ಲ, ನಿಮ್ಮ ಮನೆಯಲ್ಲಿ ಉಳಿದರೂ ಆಯಿತು.

ಈ ಕಡೆ ಬಂದರೆ ಬಾಳ್ಳುಪೇಟೆಯಲ್ಲಿ ಇಳಿದು ಪೇಂಟಿಂಗ್ ಶೆಡ್ಡು ಎಲ್ಲಿ ಎಂದು ಕೇಳಿ. ಗೋಡೆಯ ಮೇಲೆ ತುಕ್ಕು ಹಿಡಿದ ಒಂದು ಮುಚ್ಚಳ ತೂಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಖಾಲಿ ಮೊಳೆ ಹೊಡೆದಿಟ್ಟಿದ್ದೇನೆ. ಆರಿದ್ರೆಯಿಂದ ಆಶ್ಲೇಷದವರೆಗೆ ಯಾವ ದಿನ ಬಂದರೂ ಸರಿ, ಆಗ ನಮ್ಮಲ್ಲಿ ಪೇಂಟ್ ಒಣಗುವುದಿಲ್ಲ, ನಾನು ಇಡೀ ದಿನ ಬಿಡುವಾಗಿರುತ್ತೇನೆ.

ಇಂತಿ ನಿಮ್ಮ,
ಬಾಳ್ಳುಪೇಟೆಯ ಒಬ್ಬ ಪೇಂಟರ್